ಹ್ವಾಯ್ ಮತ್ತು ಹವಾಯಿ ಚಪ್ಪಲಿ

ನನ್ನ ಕಿವಿ ಅಷ್ಟು ಸರಿಯಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ನಾನು ಬರೆಯಹೊರಟಿದ್ದೆಲ್ಲ ಕೇಳಿದ ಮತ್ತು ಕೇಳದ ಮಾತಿನ ವಿಷಯವೇ. ಕುಂದಾಪುರದ ಕಡೆ ನಾವುಂದ ಎಂಬ ಊರಿನಲ್ಲಿ, ಹೆದ್ದಾರಿಯಿಂದ ಸ್ವಲ್ಪ ಒಳಗೆ ನನ್ನದೊಂದು ಹಿಟ್ಟಿನ ಮಿಲ್ಲಿದೆ. ಅಕ್ಕಿ, ಗೋಧಿ, ಮೆಣಸು, ಕೊತ್ತಂಬರಿ, ಯಾರು ಏನು ತಂದರೂ ಹುಡಿ ಮಾಡಿ ಕೊಡುವುದು ನನ್ನ ಕೆಲಸ. ಮೋಟರಿನ ಪಕ್ಕ ನಿಂತು ನಿಂತು ಕಿವಿ ನನ್ನನ್ನು ಕೇಳದೆ ನಿವೃತ್ತಿ ತೆಗೆದುಕೊಂಡಿತು. ಮಿಲ್ಲಿನವರ ಇನ್ನೊಂದು ಕಷ್ಟ ಎಂದರೆ ನಮಗೆ ಮೆಲ್ಲಗೆ ಮಾತನಾಡಲು ಬರುವುದಿಲ್ಲ. ಮದುವೆಮನೆಯಲ್ಲಿ ಪಕ್ಕದವನ ಕಿವಿಯಲ್ಲಿ ಪಾಯಸ ತೆಳ್ಳಗಾಯಿತು ಎಂದು ಗುಟ್ಟು ಹೇಳಿದರೆ ಅಡುಗೆಯವರು ಸೌಟು ಹಿಡಿದುಕೊಂಡು ಹೊರಗೆ ಬರುತ್ತಾರೆ. ಇಂಥ ಒಂದೆರಡು ಅನುಭವಗಳ ಮೇಲೆ ನಾನು ಮಾತನ್ನೇ ಕಡಿಮೆ ಮಾಡಿದೆ. ಊರವರು ಇದನ್ನು ಗಂಭೀರ ಸ್ವಭಾವ ಎಂದು ತಿಳಿದುಕೊಂಡಿದ್ದಾರೆ. ನಾನೂ ತಿದ್ದಲು ಹೋಗಲಿಲ್ಲ.

ಮೋಟರು ತಿರುಗುವಾಗ ಗಿರಾಕಿಗಳು ಹೇಳುವುದು ನನಗೆ ಕೇಳುವುದಿಲ್ಲ, ಬಾಯಿ ನೋಡಿ ಅಂದಾಜು ಮಾಡುತ್ತೇನೆ. ಆ ಗದ್ದಲವನ್ನು ಸೀಳಿಕೊಂಡು ನನ್ನವರೆಗೆ ಬಂದು ಮುಟ್ಟುತ್ತಿದ್ದ ಶಬ್ದ ಒಂದೇ: ಹ್ವಾಯ್. ನಮ್ಮ ಕುಂದಾಪುರದ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಾವು ಬಸ್ಸಿನ ಕಂಡಕ್ಟರನ್ನೂ ಹಾಗೆಯೇ ಕರೆಯುತ್ತೇವೆ, ಡಾಕ್ಟರನ್ನೂ ಹಾಗೆಯೇ, ದೇವಸ್ಥಾನದ ಭಟ್ಟರನ್ನೂ ಹಾಗೆಯೇ. ಅದರಲ್ಲಿ ಮರ್ಯಾದೆಯೂ ಇದೆ, ಸಲುಗೆಯೂ ಇದೆ, ಹೆಸರು ಮರೆತುಹೋದರೆ ಅದನ್ನು ಮುಚ್ಚುವ ಉಪಾಯವೂ ಇದೆ. ಗಂಡನ ಹೆಸರು ಹೇಳಬಾರದು ಎಂಬ ಮನೆಗಳಲ್ಲಿ ಗಂಡನ ಹೆಸರೇ ಹ್ವಾಯ್. ನನ್ನ ಮಿಲ್ಲಿನ ಹಿಂದೆಯೇ ಮನೆ, ಎರಡಕ್ಕೂ ನಡುವೆ ಒಂದು ಬಾಗಿಲು. ನನ್ನ ಹೆಂಡತಿ ಗಿರಿಜ ಆ ಬಾಗಿಲಲ್ಲಿ ನಿಂತು 'ಹ್ವಾಯ್' ಎನ್ನುತ್ತಿದ್ದಳು. ಗಿಡ್ಡ ಹ್ವಾಯ್ ಆದರೆ ಊಟಕ್ಕಾಯಿತು. ಎಳೆದ ಹ್ವಾಯ್ ಆದರೆ ಮೀನಿನವನು ಬಂದಿದ್ದಾನೆ, ಚಿಲ್ಲರೆ ಬೇಕು. ಕೊನೆಯಲ್ಲಿ ಮೇಲಕ್ಕೆ ಏರಿದರೆ ಬಚ್ಚಲಲ್ಲಿ ಹಾವೋ ನೆಂಟರೋ, ಏನೋ ಒಂದು ಬಂದಿದೆ.

ಇವುಗಳ ಜೊತೆಗೆ ಯಾವುದಕ್ಕೂ ಅಲ್ಲದ ಹ್ವಾಯ್ ಒಂದಿತ್ತು. ಅದು ಕೇಳಿದೊಡನೆ ನಾನು ಮೋಟರು ಬಂದ್ ಮಾಡಿ, ಹುಬ್ಬಿನ ಮೇಲಿನ ಹಿಟ್ಟು ಒರೆಸಿಕೊಂಡು, ಬಾಗಿಲಿಗೆ ಬಂದು 'ಎಂತ?' ಎನ್ನುತ್ತಿದ್ದೆ.

"ಎಂತ ಇಲ್ಲ. ಇದ್ರ್ಯಾ ಕಂಡದ್."

"ಮೋಟರ್ ತಿರುಗ್ತಾ ಇದ್ರೆ ನಾನ್ ಇದ್ದೆ ಅಂದೇ ಅರ್ಥ. ಅದ್ಕೆ ಕರೂಕೆ ಇತ್ತಾ?"

"ಮೋಟರ್ ಒಂದೇ ತಿರುಗೂಕೂ ಆತ್ತ್ ಅಲ್ದಾ?" ಎಂದು ಅವಳು ಒಳಗೆ ಹೋಗುತ್ತಿದ್ದಳು. ಇದ್ದೇನೋ ಇಲ್ಲವೋ ಎಂದು ನೋಡಲಿಕ್ಕೂ ಒಂದು ಕರೆಯೇ ಎಂದು ನಾನು ಗೊಣಗಿಕೊಂಡು ಮತ್ತೆ ಸ್ವಿಚ್ ಹಾಕುತ್ತಿದ್ದೆ.

ಕೊನೆಯ ಸಾದಾ ದಿನ ಹೇಗಿತ್ತು ಎಂದು ಈಗ ಯೋಚಿಸಿದರೆ, ಅದರಲ್ಲಿ ನೆನಪಿಟ್ಟುಕೊಳ್ಳುವಂಥದ್ದು ಏನೂ ಇರಲಿಲ್ಲ. ಅವತ್ತು ಮೆಣಸು ಹುಡಿ ಮಾಡುವ ಸರದಿ. ಬಂದವರೆಲ್ಲ ಸೀನಿ ಸೀನಿ ಮಾತನ್ನು ಅರ್ಧಕ್ಕೇ ಬಿಟ್ಟು ಹೋಗುತ್ತಿದ್ದರು. ನನ್ನ ಹಳೆಯ ದೋಸ್ತಿ ಶೀನಣ್ಣ ಮಾತ್ರ ಹೋಗಲಿಲ್ಲ. ಅವರು ಮೀನು ಸಾಗಿಸುವ ಟೆಂಪೋ ಓಡಿಸುವವರು, ಬೆಳಗಿನ ಬಾಡಿಗೆ ಮುಗಿದರೆ ನನ್ನ ಮಿಲ್ಲಿನ ಬೆಂಚೇ ಅವರ ಆಫೀಸು. ಲೋಕದ ಹೊಸ ಸುದ್ದಿಯೆಲ್ಲ ಅವರ ಮೊಬೈಲಿಗೆ ಬಂದು, ಅಲ್ಲಿಂದ ನಮ್ಮ ಮಿಲ್ಲಿಗೆ ಇಳಿಯುತ್ತದೆ. ಅವತ್ತು ಇಳಿದದ್ದು ರೋಬೋಟ್. ಎರಡು ಕಾಲಿನ ಯಂತ್ರವೊಂದು ಕುಣಿಯುತ್ತಿತ್ತು, ಲಾಗ ಹಾಕುತ್ತಿತ್ತು, ಬಿದ್ದರೆ ತಾನೇ ಎದ್ದು ನಿಲ್ಲುತ್ತಿತ್ತು. ಶೀನಣ್ಣ ಮೂಗು ಒರೆಸಿಕೊಳ್ಳುತ್ತ ಅದನ್ನು ಗಿರಿಜಳಿಗೆ ತೋರಿಸಿದರು.

"ಕಾಣಿ ಗಿರ್ಜಕ್ಕ, ಇನ್ ಮನ್ಶ್ರ್ ಬ್ಯಾಡ. ಇದ್ ಗುಡ್ಸತ್ತ್, ಒರ್ಸತ್ತ್, ಪ್ರಾಯ ಆದವ್ರಿಗೆ ಮಾತ್ರೆ ಕೊಡತ್ತಂಬ್ರ್."

ಗಿರಿಜ ಸೆರಗಿನಿಂದ ಮೂಗು ಮುಚ್ಚಿಕೊಂಡೇ ನೋಡಿದಳು. "ಕರದ್ರೆ ಓಗೊಡತ್ತಾ?"

"ನಿಮ್ ಗಂಡನ್ಕಿಂತ ಬೇಗ ಓಗೊಡತ್ತ್."

"ಹಂಗಾರೆ ಒಂದ್ ತರ್ಸಿ. ಇವ್ರಿಗೆ ಎಣ್ಣೆ ಹಾಕಿ ಮೂಲೇಲಿ ನಿಲ್ಸ್ತೆ."

ಇಬ್ಬರೂ ನಕ್ಕರು. ನಾನು ಮೆಣಸಿನ ನೆವದಲ್ಲಿ ಕಣ್ಣು ಒರೆಸಿಕೊಂಡೆ. ಸಂಜೆ ಅವಳು ಎಂದಿನಂತೆ ಬಾಗಿಲಿನ ಮೆಟ್ಟಿಲ ಮೇಲೆ ಕುಳಿತು ಮೊಬೈಲಿನಲ್ಲಿ ಹಣ್ಣಿನ ಆಟ ಆಡಿದಳು. ಒಂದೇ ಬಣ್ಣದ ಹಣ್ಣುಗಳನ್ನು ಸಾಲಾಗಿ ಜೋಡಿಸಿದರೆ ಅವು ಒಡೆದು ಹೋಗುತ್ತವೆ, ಅಷ್ಟೇ ಆಟ. ಅದರಲ್ಲಿ ಆಡುವವರಿಗೆ ಐದು ಜೀವ ಕೊಡುತ್ತಾರೆ. ಸೋತರೆ ಒಂದು ಜೀವ ಹೋಗುತ್ತದೆ, ಐದೂ ಹೋದರೆ ಕಾಯಬೇಕು, ಇಲ್ಲವಾದರೆ ಗೊತ್ತಿದ್ದವರ ಹತ್ತಿರ ಜೀವ ಬೇಡಬೇಕು. ಅವಳು ಮುಂಬಯಿಯಲ್ಲಿರುವ ಅಕ್ಕ ಸುಶೀಲಕ್ಕನಿಗೆ ಮೊಬೈಲಿನಲ್ಲಿ ಧ್ವನಿ ಕಳಿಸಿದಳು: "ಅಕ್ಕಾ, ಒಂದ್ ಜೀವ ಕಳ್ಸೇ, ಇನ್ನೊಂದ್ ಮೆಟ್ಲ್ ಬಾಕಿ." ಅಕ್ಕ ಕಳಿಸಿದರು. ಇವಳು ಆಟದ ಮೆಟ್ಟಿಲು ಹತ್ತಿದಳು. ರಾತ್ರಿ ಗಂಜಿ, ಒಣಮೀನಿನ ಚಟ್ನಿ. ಅಷ್ಟೇ ದಿನ.

ಮರುದಿನ ಬೆಳಿಗ್ಗೆ ಒಲೆಯ ಮೇಲೆ ನೀರಿಟ್ಟವಳು ಎದೆಯಲ್ಲಿ ಏನೋ ಹಿಡಿದ ಹಾಗೆ ಆಗುತ್ತದೆ ಎಂದಳು. ಕಾರು ಬರುವುದು ತಡವಾಗುತ್ತದೆ ಎಂದು ಶೀನಣ್ಣ ಟೆಂಪೋವನ್ನೇ ತಂದರು. ಮುಂದಿನ ಸೀಟಿನಲ್ಲಿ ನಮ್ಮಿಬ್ಬರ ನಡುವೆ ಅವಳನ್ನು ಕುಳ್ಳಿರಿಸಿಕೊಂಡು ಕುಂದಾಪುರಕ್ಕೆ ಹೊರಟೆವು. ಮರವಂತೆ ದಾಟುವಾಗ ಅವಳು 'ಹ್ವಾಯ್' ಎಂದಳು. ನಾನು 'ಎಂತ?' ಎಂದೆ. ಟೆಂಪೋದ ಶಬ್ದಕ್ಕೆ ಉತ್ತರ ಕೇಳಿಸಲಿಲ್ಲ ಎಂದುಕೊಂಡು ಕಿವಿಯನ್ನು ಅವಳ ಬಾಯಿಯ ಹತ್ತಿರ ಒಯ್ದೆ. ಅವಳು ಏನೂ ಹೇಳಿರಲಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರು ನೋಡಿ, ದಾರಿಯಲ್ಲೇ ಹೋಗಿದೆ ಎಂದರು.

ದುಃಖವನ್ನು ಬರೆಯಲು ನನಗೆ ಬರುವುದಿಲ್ಲ. ಓದಿದ್ದೂ ಕಡಿಮೆ. ಅದಕ್ಕೇ ಮೊಬೈಲಿನ ವಿಷಯ ಬರೆಯುತ್ತೇನೆ. ಅದು ಇನ್ನೂ ಮನೆಯಲ್ಲಿದೆ, ಕಿಟಕಿಯ ದಂಡೆಯ ಮೇಲೆ, ಅವಳು ಚಾರ್ಜಿಗೆ ಇಡುತ್ತಿದ್ದ ಜಾಗದಲ್ಲೇ. ಅವಳ ಸೀರೆಯನ್ನು ಯಾರಿಗೆ ಕೊಡಬೇಕು, ಬಳೆಯನ್ನು ಏನು ಮಾಡಬೇಕು ಎಂದು ಹೇಳಲು ಹತ್ತು ಜನ ಹಿರಿಯರು ಬಂದರು. ಮೊಬೈಲನ್ನು ಏನು ಮಾಡಬೇಕು ಎಂದು ಯಾವ ಹಿರಿಯರೂ ಹೇಳಲಿಲ್ಲ. ಶಾಸ್ತ್ರ ಬರೆದವರಿಗೆ ಇದು ಗೊತ್ತಿರಲಿಲ್ಲ. ಬಿಟ್ಟರೆ ಸತ್ತುಹೋಗುತ್ತದೆ ಎಂದು ನಾನೇ ದಿನಾ ಚಾರ್ಜಿಗೆ ಇಡತೊಡಗಿದೆ.

ಬೂದಿ ಬಿಟ್ಟು ಬಂದು, ಮಿಂದು, ಚಾವಡಿಯಲ್ಲಿ ಕುಳಿತಿದ್ದೆವು. ಕಿಟಕಿಯ ಮೇಲೆ ಟಿಣ್ ಎಂದಿತು. ಎದ್ದು ಹೋಗಿ ನೋಡಿದೆ. ಹಣ್ಣಿನ ಆಟದವರು ಬರೆದಿದ್ದರು: 'ಗಿರಿಜ, ನಿಮ್ಮ ಜೀವಗಳು ಪೂರ್ತಿ ತುಂಬಿವೆ! ಬನ್ನಿ, ಆಡೋಣ!'

ಅದನ್ನು ಯಾರಿಗೂ ತೋರಿಸಲಿಲ್ಲ. ಎರಡು ದಿನ ಬಿಟ್ಟು ಮತ್ತೆ ಬಂತು: 'ಗಿರಿಜ, ಎಲ್ಲಿದ್ದೀರಿ? ನೀವಿಲ್ಲದೆ ಹಣ್ಣುಗಳಿಗೆ ಬೇಸರ.' ಬೊಜ್ಜದ, ಎಂದರೆ ಉತ್ತರಕ್ರಿಯೆಯ, ಊಟ ಉಂಡು ಹೋದವರಲ್ಲಿ ಇಷ್ಟು ಚೆಂದ ಮಾಡಿ ಹೇಳಿದವರು ಯಾರೂ ಇರಲಿಲ್ಲ. ಸತ್ತವರ ಹನ್ನೊಂದನೆಯ ದಿನಕ್ಕೂ ನೆಂಟರು ಸಾರಿಗೆ ಉಪ್ಪು ಹೆಚ್ಚಾಯಿತು ಎಂಬುದನ್ನೇ ಮಾತನಾಡಿಕೊಂಡರು. ಯಂತ್ರವೊಂದೇ ಎಲ್ಲಿದ್ದೀರಿ ಎಂದು ಕೇಳಿತು. ಇದಕ್ಕೆ ಸಮಾಧಾನ ಪಡಬೇಕೋ, ಮೊಬೈಲನ್ನು ಬಾವಿಗೆ ಎಸೆಯಬೇಕೋ ತಿಳಿಯಲಿಲ್ಲ. ಬಾವಿಯ ನೀರು ಕುಡಿಯುವುದು ನಾನೇ ಆದ್ದರಿಂದ ಎಸೆಯಲಿಲ್ಲ.

ಈ ಟಿಣ್ ನಿಲ್ಲಿಸಬೇಕೆಂದು ಒಂದು ಮಧ್ಯಾಹ್ನ ಆಟವನ್ನು ತೆರೆದೆ. ತೆರೆದದ್ದೇ ತಪ್ಪಾಯಿತು. ಎಲ್ಲಿ ಒತ್ತಿದೆನೋ, ಆಟವೇ ಶುರುವಾಯಿತು. ಹಣ್ಣುಗಳು ಮೇಲಿನಿಂದ ಬೀಳುತ್ತಿವೆ, ಯಾವುದನ್ನು ಎಲ್ಲಿಗೆ ಎಳೆಯಬೇಕೆಂದು ನನಗೆ ಗೊತ್ತಿಲ್ಲ. ಹೊರಗೆ ಬರುವ ದಾರಿ ಹುಡುಕಿ ಹುಡುಕಿ ಒತ್ತಿದಷ್ಟೂ ಸೋತೆ. ಕಾಫಿ ಆರುವುದರೊಳಗೆ ಅವಳ ಐದು ಜೀವವನ್ನೂ ಕಳೆದಿದ್ದೆ. ಆಗ ಪರದೆಯ ಮೇಲೆ ಅಳುವ ದಾಳಿಂಬೆಯೊಂದು ಬಂದು, ಜೀವ ಕೇಳಲೇ ಎಂದಿತು. 'ಕೇಳು' ಎನ್ನುವುದಕ್ಕೆ ದೋಸೆಯಷ್ಟು ಅಗಲ ಹಸಿರು ಜಾಗ. 'ಬೇಡ' ಎನ್ನುವುದಕ್ಕೆ ಮೂಲೆಯಲ್ಲಿ ಸಾಸಿವೆಯಷ್ಟು ಒಂದು ಗುರುತು. ಮಿಲ್ಲಿನವನ ಬೆರಳು ಸಾಸಿವೆಗೆ ಆಗಿ ಬಂದದ್ದಲ್ಲ. ಒತ್ತಿದೆ. ಅವಳ ಗುರುತಿನವರಿಗೆಲ್ಲ ಒಂದೇ ಸಲ ಸುದ್ದಿ ಹೋಯಿತು: 'ಗಿರಿಜ ನಿಮ್ಮಲ್ಲಿ ಒಂದು ಜೀವ ಕೇಳುತ್ತಿದ್ದಾರೆ.'

ತೆಕ್ಕಟ್ಟೆಯಲ್ಲಿರುವ ಅವಳ ದೂರದ ತಂಗಿಯೊಬ್ಬಳು, ಬದುಕಿದ್ದಾಗ ಸಿಟ್ಟು ಬಂದಾಗಲೆಲ್ಲ ಗಿರಿಜಳನ್ನು ಬ್ಲಾಕ್ ಮಾಡಿ ಸಿಟ್ಟಿಳಿದಾಗ ತೆಗೆಯುತ್ತಿದ್ದವಳು, ಈ ಸಲ ಖಾಯಂ ಬ್ಲಾಕ್ ಮಾಡಿದಳು. ಯಾವ ಊರಿನವರೋ ಗೊತ್ತಿಲ್ಲ, ಯಾವ ಭಾಷೆಯವರೋ ಗೊತ್ತಿಲ್ಲ, ಆಟದಲ್ಲಿ ಮಾತ್ರ ಪರಿಚಯವಾದ ಯಾರೋ ಒಬ್ಬರು ಹಿಂದೆಮುಂದೆ ನೋಡದೆ ಆ ಕ್ಷಣವೇ ಒಂದು ಜೀವ ಕಳಿಸಿಕೊಟ್ಟರು. ಆಮೇಲೆ ಸುಶೀಲಕ್ಕನ ಫೋನು.

"ಭಾವಾ! ಅರೇ, ಗಿರ್ಜ ನನ್ಹತ್ರ ಜೀವ ಕೇಳ್ತ್ಲ್!"

ನಾನು ನಡೆದದ್ದನ್ನು ಹೇಳಿದೆ. ಆ ಕಡೆ ಲೋಕಲ್ ರೈಲಿನ ಗಲಾಟೆ. ರೈಲಿನ ತುಂಬ ಜನ ನಿಂತಿರುವಾಗ ಅವರಿಗೆ ಕೂಗಲೂ ಆಗಿರಲಿಲ್ಲವಂತೆ, ಕೈಗೆ ಬಂದ ಕಂಬ ಹಿಡಿದುಕೊಂಡು ನಿಂತಿದ್ದರಂತೆ.

"ಬೈಬೇಡಿ ಭಾವ," ಎಂದರು ಕೊನೆಗೆ. "ನಾನ್ ಕಳ್ಸ್ದೆ."

"ಎಂತ ಕಳ್ಸಿದ್ರಿ?"

"ಜೀವ. ತಂಗಿ ಕೇಂಡ್ರೆ ಹ್ಯಾಂಗ್ ಇಲ್ಲ ಅಂಬುದ್?"

ಫೋನು ಇಟ್ಟು, ಅವಳ ಮೊಬೈಲನ್ನು ಮತ್ತೆ ಕಿಟಕಿಯ ದಂಡೆಯ ಮೇಲೆ ಇಟ್ಟೆ. ಯಾರೋ ಎಲ್ಲಿಯೋ ಕುಳಿತು, ಕಂಪ್ಯೂಟರಿನಲ್ಲಿ ದಾಳಿಂಬೆಗೂ ಮಾವಿಗೂ ಅರ್ಧ ಗಂಟೆಗೊಂದು ಹೊಸ ಜೀವ ಬರುವ ಹಾಗೆ ಮಾಡಿದ್ದಾರೆ. ಅವರ ಬುದ್ಧಿಯನ್ನು ನಾನು ಕಡಿಮೆ ಎನ್ನುವುದಿಲ್ಲ. ನಾವುಂದದಿಂದ ಕುಂದಾಪುರಕ್ಕೆ ಅರ್ಧ ಗಂಟೆಗಿಂತ ಹೆಚ್ಚು ಬೇಕಾಗಿಯೂ ಇರಲಿಲ್ಲ.

ಇದಾದ ಮೇಲೆ ಅವಳ ಹುಟ್ಟಿದ ಹಬ್ಬ ಬಂತು. ನಮ್ಮಲ್ಲಿ ಹುಟ್ಟಿದ ಹಬ್ಬ ಎಂದು ಮಾಡುವ ಕ್ರಮವೇ ಇರಲಿಲ್ಲ. ಮೊಬೈಲಿನಲ್ಲಿ ಹೆಸರು ಹಾಕುವಾಗ ತಾರೀಕು ಕೇಳಿದ್ದಕ್ಕೆ, ಶಾಲೆಯ ಮೇಷ್ಟರು ಅಂದಾಜಿನಲ್ಲಿ ಬರೆದದ್ದನ್ನೇ ಕೊಟ್ಟಿದ್ದಳು. ಆ ಸುಳ್ಳು ತಾರೀಕನ್ನು ಯಂತ್ರ ಸತ್ಯ ಎಂದು ನಂಬಿ, ಅವಳ ಗೆಳೆಯರಿಗೆಲ್ಲ ನೆನಪು ಮಾಡಿತು. ಮೂರು ತಿಂಗಳ ಹಿಂದೆ ಮೊಬೈಲಿನಲ್ಲಿ ಅವಳ ಫೋಟೋ ಇರುವ ಪುಟದಲ್ಲಿ 'ಓಂ ಶಾಂತಿ' ಎಂದು ಬರೆದವರೇ ಈಗ ಅದರ ಮೇಲೆ ಕೇಕು, ಬಲೂನು, ಪಟಾಕಿ ಹಾಕಿದರು. ಒಬ್ಬರು 'ಸದಾ ಹೀಗೆಯೇ ನಗುನಗುತಾ ಇರಿ' ಎಂದಿದ್ದರು. ಫೋಟೋದಲ್ಲಿ ಬಾಯಿ ಮುಚ್ಚಿಕೊಂಡೇ ನಗುತ್ತಿದ್ದಾಳೆ, ಆ ಮಟ್ಟಿಗೆ ಅವರ ಆಶೀರ್ವಾದ ಫಲಿಸಿದೆ. ಅದರ ಕೆಳಗೆ 'ನೂರು ಕಾಲ ಬಾಳಿ' ಎಂದು ಇನ್ನೊಬ್ಬರು. ಹೆಸರು ನೋಡಿದರೆ ಶೀನಣ್ಣ. ಅವಳನ್ನು ಆಸ್ಪತ್ರೆಗೆ ಒಯ್ದವರು, ಚಟ್ಟಕ್ಕೆ ಹೆಗಲು ಕೊಟ್ಟವರು. ಬೆಂಚಿನ ಮೇಲೆ ಕುಳಿತಿದ್ದಾಗ ನಾನು ಮೊಬೈಲನ್ನು ಅವರ ಮುಂದೆ ಹಿಡಿದೆ. ಅವರ ಮುಖ ಕಪ್ಪಿಟ್ಟಿತು.

"ಅದ್ ನಾನ್ ಬರದ್ದಲ್ಲ ಮಾರಾಯ್ರೆ. ಕೆಳಗ್ ಮೂರ್ ಮಾತ್ ತೋರ್ಸಿ ಒಂದ್ ಒತ್ತಿ ಅಂತ್. ಬೆಳಿಗ್ಗೆ ಎದ್ದ್ ಎಲ್ಲರ್ಗೂ ಒತ್ತೂದೇ. ಯಾರಿಗ್ ಅಂದ್ ಯಾರ್ ಕಾಂತ್ರ್?"

ಉಳಿದ ಎರಡು ಮಾತು ಯಾವುದಿತ್ತು ಎಂದು ಕೇಳಿದೆ. ನೆನಪಿಲ್ಲ ಎಂದರು. ಅವತ್ತು ಚಾ ಕುಡಿಯದೆ ಎದ್ದು ಹೋದರು.

ಬೈಂದೂರಿನಲ್ಲಿ ನನ್ನ ಹೆಂಡತಿಯ ಅಣ್ಣನ ಮಗಳು ಶ್ರುತಿ ಸ್ಟುಡಿಯೋ ಇಟ್ಟಿದ್ದಾಳೆ. ಮದುವೆಯ ಆಲ್ಬಮ್ಮೂ ಅವಳೇ, ಶ್ರದ್ಧಾಂಜಲಿಯ ಫ್ಲೆಕ್ಸೂ ಅವಳೇ, ಬಣ್ಣ ಮಾತ್ರ ಬೇರೆ. ಅತ್ತೆ ಎಂದರೆ ಅವಳಿಗೆ ಜೀವ. ಈ ಎಐ ಎಂಬುದು ಬಂದ ಮೇಲೆ ಅವಳು ಹಳೆಯ ಫೋಟೋಗಳನ್ನು ಕದಲಿಸಲು ಕಲಿತಿದ್ದಾಳೆ. ಒಂದು ದಿನ ಬಂದು ಗಿರಿಜಳ ಫೋಟೋ ತೋರಿಸಿದಳು. ಫೋಟೋ ಕಣ್ಣು ಮಿಟುಕಿಸಿತು, ತಲೆ ಓರೆ ಮಾಡಿತು, ಬಾಯಿ ತೆರೆದು ನಕ್ಕಿತು. ನಾನು ಕನ್ನಡಕ ಹಾಕಿಕೊಂಡು ಮತ್ತೊಮ್ಮೆ ನೋಡಿದೆ. ಗಿರಿಜಳಿಗೆ ಮುಂದಿನ ಒಂದು ಹಲ್ಲು ಇರಲಿಲ್ಲ. ಕಟ್ಟಿಸು ಎಂದರೆ, ಇನ್ನು ನನ್ನನ್ನು ನೋಡಲು ಯಾರು ಬರುತ್ತಾರೆ ಎನ್ನುತ್ತಿದ್ದಳು. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದಳು. ಫೋಟೋ ತೆಗೆಯುವಾಗ ಬಾಯಿ ಮುಚ್ಚಿಕೊಂಡಿದ್ದರಿಂದ ಯಂತ್ರಕ್ಕೆ ಇದೆಲ್ಲ ಗೊತ್ತಾಗದೆ, ಬಾಯಿ ತುಂಬ ಹಲ್ಲು ಕಟ್ಟಿಸಿಕೊಟ್ಟಿತ್ತು. ಕೈ ಅಡ್ಡ ಹಿಡಿಯದೆ ನಗುವ ಆ ಹೆಂಗಸನ್ನು ಎಲ್ಲಿಯಾದರೂ ಬಸ್ಸಿನಲ್ಲಿ ಕಂಡಿದ್ದರೆ ನಾನು ಸೀಟು ಬಿಟ್ಟುಕೊಟ್ಟು ದೂರ ನಿಲ್ಲುತ್ತಿದ್ದೆ.

ಶ್ರುತಿಗೆ ಬೇಸರವಾಗಬಾರದೆಂದು ಚೆಂದ ಇದೆ ಎಂದೆ. ಆಮೇಲೆ, ಕೇಳಬಾರದೆಂದು ಎಷ್ಟೋ ದಿನದಿಂದ ಅಂದುಕೊಂಡದ್ದನ್ನು ಕೇಳಿಬಿಟ್ಟೆ. ಧ್ವನಿಯೂ ಮಾಡಲು ಬರುತ್ತದಾ?

"ಬತ್ತ್ ಮಾವ. ಅತ್ತೆ ಮಾತಾಡಿದ್ದ್ ರೆಕಾರ್ಡ್ ಇದ್ರೆ ಸಾಕ್, ಅದನ್ನ್ ಕೇಂಡ್ಕಂಡ್ ಅದು ಎಂತ ಬೇಕಾರೂ ಹೇಳತ್ತ್. ಎಂತ ಹೇಳ್ಸ್ಕ್?"

"ಹೆಚ್ಚಿಗೆ ಎಂತ ಬ್ಯಾಡ. ಹ್ವಾಯ್ ಅಂದ್ರೆ ಸಾಕ್."

ಅವಳು ನನ್ನ ಮುಖ ನೋಡಿದಳು. "ಅದ್ ಊರಿಗೆಲ್ಲಾ ಕರೂದ್ ಅಲ್ದಾ ಮಾವ? ಅತ್ತೆ ನಿಮ್ಗ್ ಎಂತ ಅಂತ ಕರೀತಿದ್ದದ್ದ್?"

"ನಂಗೂ ಅದೇ."

ಯಂತ್ರದಲ್ಲಿ ಮಾಡಿಸುವ ಮೊದಲು, ಅಸಲಿಯೇ ಎಲ್ಲಿಯಾದರೂ ಸಿಗುತ್ತದೆಯೋ ನೋಡೋಣ ಎಂದು ಅವಳ ಮೊಬೈಲಿನಲ್ಲಿದ್ದ ಧ್ವನಿಯೆಲ್ಲವನ್ನೂ ಕೇಳುತ್ತ ಕುಳಿತೆ. ಮಧ್ಯಾಹ್ನ ಮಿಲ್ಲು ಮುಚ್ಚಿ, ಕಿವಿಗೆ ಒತ್ತಿ ಹಿಡಿದು ಕೇಳಿದೆ. ಎಲ್ಲವೂ ಅಕ್ಕನಿಗೆ ಕಳಿಸಿದವು. ಬಂಗುಡೆ ದುಬಾರಿಯಾದದ್ದು, ಧಾರಾವಾಹಿಯಲ್ಲಿ ಅತ್ತೆ ಸೊಸೆಯ ಹಾಲಿಗೆ ಏನೋ ಬೆರೆಸಿದ್ದು, ಜೀವ ಬೇಕಾದದ್ದು. ನನ್ನ ಮೇಲಿನ ದೂರೂ ಸಾಕಷ್ಟಿತ್ತು: "ಇವ್ರಿಗೆ ಕಿವಿ ಕೇಂತಿಲ್ಲ ಅಂದ್ಕಣ್ಬೇಡ ಅಕ್ಕ, ಬೇಕಾದ್ದ್ ಮಾತ್ರ ಸಮಾ ಕೇಂತ್." ಅದೆಲ್ಲದರಲ್ಲಿ ನಾನು 'ಇವ್ರ್'. ಒಂದರಲ್ಲೂ ಹ್ವಾಯ್ ಇಲ್ಲ. ಇರುವುದಾದರೂ ಹೇಗೆ? ಮುಂಬಯಿಯಲ್ಲಿದ್ದ ಅಕ್ಕನಿಗೆ ಧ್ವನಿ ಕಳಿಸಬೇಕಾಗಿತ್ತು. ನಾನು ಬಾಗಿಲಿನ ಆಚೆ ಇದ್ದೆ, ನನ್ನನ್ನು ಕರೆದರೆ ಆಗುತ್ತಿತ್ತು. ಅವಳು ದಿನಕ್ಕೆ ಹತ್ತಾರು ಸಲ ಹೇಳಿದ ಶಬ್ದ ಲೋಕದ ಯಾವ ಯಂತ್ರದಲ್ಲೂ ಇಲ್ಲ, ಒಂದು ಹಾಳಾದ ಕಿವಿಯಲ್ಲಿ ಮಾತ್ರ ಇದೆ.

ಶ್ರುತಿ ಆ ಧ್ವನಿಗಳನ್ನು ಸ್ಟುಡಿಯೋಕ್ಕೆ ಒಯ್ದಳು. ನಾನೂ ಬಸ್ಸು ಹತ್ತಿ ಹೋದೆ. ಮೊದಲು ಸ್ವಚ್ಛ ಮಾಡಬೇಕು ಎಂದಳು. ಅತ್ತೆಯ ಮಾತಿನ ಹಿಂದೆ ಯಾವಾಗಲೂ ಏನೋ ಗುಂಯ್ ಎನ್ನುವ ಗಲಾಟೆ ಇದೆಯಂತೆ, ಯಂತ್ರಕ್ಕೆ ಅದು ಆಗುವುದಿಲ್ಲವಂತೆ. ಏನು ಗಲಾಟೆ ಎಂದು ಕಿವಿ ಕೊಟ್ಟೆ. ನನ್ನ ಮೋಟರು. ಅವಳು ಅಕ್ಕನ ಹತ್ತಿರ ನನ್ನನ್ನು ಬೈಯುವಾಗಲೂ ನಾನು ಹಿಂದೆ ತಿರುಗುತ್ತಲೇ ಇದ್ದೆ. ಯಂತ್ರ ಅದನ್ನು ಒರೆಸಿ ತೆಗೆಯಿತು. ಮೋಟರು ಹೋದ ಮೇಲೆ ಉಳಿದ ಧ್ವನಿ ಅವಳದೇ, ಆದರೆ ಯಾರೂ ಇಲ್ಲದ ಖಾಲಿ ಕೋಣೆಯಲ್ಲಿ ಕುಳಿತು ಮಾತನಾಡಿದ ಹಾಗೆ ಇತ್ತು. ಒಂಟಿಯಾಗಿರುವುದು ನಾನೋ ಅವಳೋ ಎಂದು ಒಂದು ಗಳಿಗೆ ಗೊಂದಲವಾಯಿತು.

ಪರೀಕ್ಷೆಗೆ ಮೊದಲು ಏನನ್ನಾದರೂ ಹೇಳಿಸುತ್ತೇನೆ ಎಂದು ಶ್ರುತಿ ಏನೋ ಬರೆದಳು. ಸ್ಪೀಕರಿನ ಡಬ್ಬದಿಂದ ನನ್ನ ಹೆಂಡತಿಯ ಧ್ವನಿ ಬಂತು: "ರೀ, ನೀವು ದುಃಖಿಸಬೇಡಿ. ನಾನು ಸದಾ ನಿಮ್ಮ ಜೊತೆಯಲ್ಲಿಯೇ ಇರುತ್ತೇನೆ." ನಮ್ಮ ಕಡೆ 'ರೀ' ಎನ್ನುವ ಹೆಂಡತಿಯರು ಧಾರಾವಾಹಿಯಲ್ಲಿ ಮಾತ್ರ ಸಿಗುತ್ತಾರೆ. ಗಿರಿಜ ಇದನ್ನು ಕೇಳಿದ್ದರೆ ಬಾಯಿಗೆ ಕೈ ಅಡ್ಡ ಹಿಡಿದು, ಈ ಹೆಂಗಸು ಯಾರು ಎಂದು ಕೇಳುತ್ತಿದ್ದಳು. ಸದಾ ಜೊತೆಯಲ್ಲಿಯೇ ಇರುತ್ತೇನೆ ಎಂಬ ಮಾತನ್ನು ಬದುಕಿದ್ದವರು ಯಾರೂ ಹೇಳುವುದಿಲ್ಲ. ಇರುವವರಿಗೆ ಅದನ್ನು ಹೇಳುವ ಕೆಲಸವೇ ಇಲ್ಲ.

"ಸಾಕ್ ಹೆಣೆ, ಅದೊಂದ್ ಶಬ್ದ ಹಾಕ್," ಎಂದು ಹುಡುಗಿಗೆ ಹೇಳಿದೆ.

ಶ್ರುತಿ ಹ್ವಾಯ್ ಎಂದು ಬರೆದು ಒತ್ತಿದಳು. ನಾನು ಕುರ್ಚಿಯ ತುದಿಗೆ ಬಂದು ಕುಳಿತೆ. ಯಂತ್ರ ಸ್ವಲ್ಪ ಯೋಚಿಸಿ, ಬಹಳ ಸ್ಪಷ್ಟವಾಗಿ ಹೇಳಿತು: "ಹವಾಯಿ."

ಶ್ರುತಿ ತುಟಿ ಕಚ್ಚಿಕೊಂಡಳು. ಬೇರೆ ರೀತಿ ಬರೆದಳು. ಈ ಸಲ "ಹುವಾ ಆಯ್" ಎಂದು, ಸುಶೀಲಕ್ಕ ತರಕಾರಿಯವನ ಹತ್ತಿರ ಹಿಂದಿ ಮಾತನಾಡಿದ ಹಾಗೆ ಬಂತು. ಹ ಎಂಬ ಅಕ್ಷರವೇ ತೊಂದರೆ ಕೊಡುತ್ತಿರಬೇಕೆಂದು ಅದನ್ನು ತೆಗೆದು ನೋಡಿದಳು. ಆಗ ನನ್ನ ಹೆಂಡತಿ, ಎಂಟನೆಯ ತರಗತಿಯಲ್ಲಿ ಇಂಗ್ಲಿಷಿಗೆ ಹೆದರಿ ಶಾಲೆ ಬಿಟ್ಟವಳು, ನನ್ನನ್ನು ಶುದ್ಧ ಇಂಗ್ಲಿಷಿನಲ್ಲಿ ಕೇಳಿದಳು: "ವೈ?"

ಆ ಪ್ರಶ್ನೆಗೆ ನನ್ನಲ್ಲಿ ಉತ್ತರ ಇದ್ದಿದ್ದರೆ ನಾನು ಬೈಂದೂರಿಗೆ ಬರುತ್ತಲೇ ಇರಲಿಲ್ಲ.

"ಮಾವ, ಅದ್ಕೆ ನಮ್ ಭಾಷೆ ಬತ್ತಿಲ್ಲ," ಎಂದಳು ಶ್ರುತಿ, ತಾನೇ ತಪ್ಪು ಮಾಡಿದ ಹಾಗೆ. "ಪುಸ್ತಕದ ಕನ್ನಡ ಕಲ್ತದ್ದ್ ಅದ್. ಒಂದ್ ಕೆಲ್ಸ ಮಾಡಿ, ನೀವೇ ಒಂದ್ಸಲ ಅತ್ತೆ ಕರ್ದ ಹಾಂಗೆ ಹೇಳಿ. ಅದನ್ನ್ ಅತ್ತೆ ಸ್ವರಕ್ಕೆ ತಿರ್ಗ್ಸುವ."

ಮೈಕು ಎದುರಿಗೆ ಇಟ್ಟಳು. ಅವಳು ಕರೆಯುತ್ತಿದ್ದ ಹಾಗೆ ಕರೆಯಬೇಕು, ಅದೂ ಯಾವುದಕ್ಕೂ ಅಲ್ಲದ ಹ್ವಾಯ್. ಕಣ್ಣು ಮುಚ್ಚಿ, ಬಾಗಿಲನ್ನು ನೆನೆದುಕೊಂಡು, ಹ್ವಾಯ್ ಎಂದೆ. ನನ್ನ ಪ್ರಕಾರ ಮೆಲ್ಲಗೆಯೇ ಹೇಳಿದ್ದು. ಹೊರಗೆ ಪಾಸ್‌ಪೋರ್ಟ್ ಫೋಟೋಕ್ಕೆ ಕಾಯುತ್ತಿದ್ದ ಮನುಷ್ಯರೊಬ್ಬರು "ಹಾಂ, ಬಂದೆ ಬಂದೆ" ಎಂದು ತಲೆ ಬಾಚಿಕೊಳ್ಳುತ್ತ ಒಳಗೇ ಬಂದುಬಿಟ್ಟರು. ಅವರಿಗೆ ಕ್ಷಮೆ ಕೇಳಿ ಹೊರಗೆ ಕಳಿಸಿ, ಶ್ರುತಿ ಯಂತ್ರವನ್ನು ತಿರುಗಿಸಿದಳು. ಈ ಸಲ ಹ್ವಾಯ್ ಎಂದೇ ಬಂತು. ಉಚ್ಚಾರಣೆಯಲ್ಲಿ ತಪ್ಪಿಲ್ಲ, ಗಂಟಲೂ ಅವಳದೇ. ಆದರೆ ಕರೆದದ್ದು ನಾನು. ಮೆಣಸಿನ ಡಬ್ಬ ಮರೆತು ಹೋದ ಗಿರಾಕಿಯನ್ನು ರಸ್ತೆಯವರೆಗೆ ಕೂಗುವ ನನ್ನ ಕೂಗು, ಹೆಂಡತಿಯ ಧ್ವನಿಯಲ್ಲಿ. ಶ್ರುತಿ ನನ್ನ ಮುಖ ನೋಡುತ್ತಿದ್ದಳು. ಸರಿಯಾಗಿದೆ ಎಂದೆ. ಮನೆಗೆ ಕಳಿಸುತ್ತೇನೆ ಎಂದಳು. ಬೇಡ, ನಿನ್ನ ಹತ್ತಿರವೇ ಇರಲಿ ಎಂದೆ. ಅವಳಿಗೆ ಅರ್ಥವಾಯಿತು, ಮತ್ತೆ ಒತ್ತಾಯ ಮಾಡಲಿಲ್ಲ. ಬಸ್ ಸ್ಟ್ಯಾಂಡಿನವರೆಗೆ ನನ್ನ ಜೊತೆಗೆ ನಡೆದು ಬಂದಳು.

ಯಂತ್ರದ ಕಥೆ ಅಲ್ಲಿಗೆ ಮುಗಿಯಲಿಲ್ಲ. ಮರುದಿನದಿಂದ ನನ್ನ ಮೊಬೈಲಿನಲ್ಲಿ ಚಪ್ಪಲಿ ಬರತೊಡಗಿತು. ಸುದ್ದಿ ತೆರೆದರೆ ಚಪ್ಪಲಿ, ಹವಾಮಾನ ನೋಡಿದರೆ ಚಪ್ಪಲಿ, ದೇವರ ಭಜನೆ ಹಾಕಿದರೆ ನಡುವೆ ಚಪ್ಪಲಿ. ನೀಲಿ ಪಟ್ಟಿಯದು, ಹಸಿರು ಪಟ್ಟಿಯದು, ಹೆಂಗಸರದು, ಗಂಡಸರದು, ಎಲ್ಲ ಹವಾಯಿ. ಶ್ರುತಿ ಹ್ವಾಯ್ ಎಂದು ಹೇಳಿಸಲು ಹೊರಟು ಯಂತ್ರ ಹವಾಯಿ ಎಂದದ್ದನ್ನು ನನ್ನ ಜೇಬಿನಲ್ಲಿದ್ದ ಮೊಬೈಲು ಕೇಳಿಸಿಕೊಂಡು, ಪಾಪ ಈ ಮನುಷ್ಯನಿಗೆ ಯಾವುದರ ಕೊರತೆ ಎಂದು ತನ್ನ ಬುದ್ಧಿಗೆ ಹೊಳೆದದ್ದನ್ನು ತೀರ್ಮಾನ ಮಾಡಿತ್ತೆಂದು ಕಾಣುತ್ತದೆ. ಶೀನಣ್ಣ ನೋಡಿ, "ಎಂತ ಮಾರಾಯ್ರೆ, ಮಿಲ್ ಬಿಟ್ಟ್ ಚಪ್ಲಿ ಅಂಗ್ಡಿ ಹಾಕ್ತ್ರ್ಯಾ?" ಎಂದರು. ಹುಟ್ಟಿದ ಹಬ್ಬದ ನಂತರ ಅವರು ನನ್ನೊಡನೆ ತಮಾಷೆ ಮಾಡಿದ್ದು ಅದೇ ಮೊದಲು. ಆದ್ದರಿಂದ ನಕ್ಕೆ. ನನ್ನ ಚಪ್ಪಲಿಯ ಪಟ್ಟಿ ಕಿತ್ತು ಬಟ್ಟೆಪಿನ್ನು ಹಾಕಿದ್ದೂ ನಿಜವೇ. ಬಿಸಾಡಿ ಎಂದು ಗಿರಿಜ ವರ್ಷವಿಡೀ ಹೇಳಿದ್ದಳು. ಅಷ್ಟು ಮಟ್ಟಿಗೆ ಯಂತ್ರ ಅವಳ ಮಾತನ್ನೇ ಹೇಳಿತು ಎನ್ನಬೇಕು. ಪಕ್ಕದ ಅಂಗಡಿಯಿಂದ ಒಂದು ಜೊತೆ ತಂದೆ. ಚಪ್ಪಲಿ ತಂದದ್ದು ಮೊಬೈಲಿಗೆ ಗೊತ್ತಿಲ್ಲ, ಇನ್ನೂ ತೋರಿಸುತ್ತಲೇ ಇದೆ.

ನನ್ನ ಮಿಲ್ಲಿನಲ್ಲಿ ಹ್ವಾಯ್‌ಗೇನೂ ಬರಗಾಲವಿಲ್ಲ. ಬೆಳಿಗ್ಗೆ ಬಾಗಿಲು ತೆಗೆದರೆ ಶುರು. ಹ್ವಾಯ್, ಅಕ್ಕಿ ನುಣ್ಣಗೆ ಆಯ್ಕ್. ಹ್ವಾಯ್, ನನ್ ಡಬ್ಬ ಎಲ್ಲಿ? ಹ್ವಾಯ್, ಕರೆಂಟ್ ಇತ್ತಾ? ಕೈಯಲ್ಲಿ ಡಬ್ಬ ಇಲ್ಲದೆ ಯಾರೂ ಕರೆಯುವುದಿಲ್ಲ. ಸುಶೀಲಕ್ಕ ಈಗಲೂ ವಾರಕ್ಕೊಮ್ಮೆ ಒಂದು ಜೀವ ಕಳಿಸುತ್ತಾರೆ. ಕೇಳದೆಯೇ ಕಳಿಸುತ್ತಾರೆ. ಕಿಟಕಿಯ ಮೇಲೆ ಟಿಣ್ ಎನ್ನುತ್ತದೆ, ನಾನು ಆಟವನ್ನು ತೆರೆಯುವುದಿಲ್ಲ, ಚಾರ್ಜು ಮಾತ್ರ ಹಾಕುತ್ತೇನೆ.

ಈಚೆಗೆ ನನಗೊಂದು ಚಟ ಅಂಟಿಕೊಂಡಿದೆ. ಕರೆಂಟು ಹೋಗಿ ಮೋಟರು ನಿಂತಾಗ, ಗಿರಾಕಿಗಳೂ ಇಲ್ಲದಾಗ, ನನ್ನ ಮೊಬೈಲಿನೊಳಗೆ, ಕೇಳಿದ್ದಕ್ಕೆಲ್ಲ ಉತ್ತರ ಕೊಡಲೆಂದೇ ಕುಳಿತಿರುವ ಯಂತ್ರದ ಹೆಂಗಸನ್ನು ಎಬ್ಬಿಸುತ್ತೇನೆ. ಅವಳು ಕೂಡಲೇ ಓಗೊಡುತ್ತಾಳೆ, ಶೀನಣ್ಣ ಹೇಳಿದ್ದರಲ್ಲಿ ಸುಳ್ಳಿಲ್ಲ. "ಹೇಳಿ, ನಿಮಗೆ ಏನು ಸಹಾಯ ಬೇಕು?" ಎನ್ನುತ್ತಾಳೆ. ನನಗೆ ಯಾವ ಸಹಾಯವೂ ಬೇಡ.

"ಎಂತ ಇಲ್ಲ. ಇದ್ಯಾ ಕಂಡದ್," ಎನ್ನುತ್ತೇನೆ.

"ಕ್ಷಮಿಸಿ, ನನಗೆ ಅರ್ಥವಾಗಲಿಲ್ಲ," ಎನ್ನುತ್ತಾಳೆ ಅವಳು. ನನಗೂ ಅಷ್ಟು ವರ್ಷ ಅರ್ಥವಾಗಿರಲಿಲ್ಲ, ಆದ್ದರಿಂದ ಅವಳನ್ನು ಬೈಯುವುದಿಲ್ಲ. ಅಷ್ಟರಲ್ಲಿ ಕರೆಂಟು ಬರುತ್ತದೆ. ಎದ್ದು ಸ್ವಿಚ್ ಹಾಕುತ್ತೇನೆ.

ಮರವಂತೆಯಲ್ಲಿ ನಾನು 'ಎಂತ?' ಎಂದು ಕೇಳಿದ್ದೆ. ಅದಕ್ಕೆ ಉತ್ತರ ಇನ್ನೂ ಬಂದಿಲ್ಲ.